ಮಧ್ಯಾಹ್ನ ಹೋಳಿಗೆ ಊಟ ಆದ ಮೇಲೆ ರಾತ್ರಿ ಉಣ್ಣಬೇಕೇ?

ಮದುವೆ, ಕುಬಸ, ಜಾತ್ರೆ, ಗೃಹಪ್ರವೇಶದ ದಿನಗಳಿವು. ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ಮಾತು ಬೇರೆ ಬೇರೆ ರೂಪದಲ್ಲಿದೆ: ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಉಂಡ ದಿನ ರಾತ್ರಿ ಏನು ಮಾಡಬೇಕು? ಅವುಗಳಲ್ಲಿ ಆಯ್ದ ಏಳಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಬೀಗರ ಮನೆಯ ಕಾರ್ಯಕ್ರಮ ಅಂದರೆ ಊಟ ಮುಗಿಯುವಾಗ ಮೂರು ಗಂಟೆ. ಹೋಳಿಗೆ, ತುಪ್ಪ, ಮಿರ್ಚಿ, ಅನ್ನ, ಕಟ್ಟಿನ ಸಾರು ಎಲ್ಲ ಆಗಿರುತ್ತದೆ. ರಾತ್ರಿ ಹಸಿವೇ ಇರುವುದಿಲ್ಲ. "ಬರಿಹೊಟ್ಟೆಯಲ್ಲಿ ಮಲಗಬಾರದು, ಒಂದು ತುತ್ತಾದರೂ ಉಣ್ಣವ್ವ" ಎನ್ನುತ್ತಾರೆ ಅತ್ತೆಯವರು. ಮನೆಯವರು ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ? ನನಗೆ 42 ವರ್ಷ. ಬಿಪಿ, ಶುಗರ್ ಯಾವುದೂ ಇಲ್ಲ.
— ಗೃಹಿಣಿ, ಸಿಂಧನೂರು

ಉತ್ತರ: ಹಸಿವಿಲ್ಲದಿದ್ದರೆ ಆ ರಾತ್ರಿ ಊಟ ಬಿಡಿ. ಆರೋಗ್ಯವಂತರಿಗೆ ಒಂದು ರಾತ್ರಿ ಊಟ ತಪ್ಪಿದರೆ ನಿಶ್ಶಕ್ತಿ ಬರುವುದಿಲ್ಲ. ಅತ್ತೆಯವರ ಮಾತಿಗೂ ಅರ್ಥವಿದೆ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಬುತ್ತಿಯ ಎರಡು ರೊಟ್ಟಿ ತಿಂದು ದಿನವಿಡೀ ಹೊಲದಲ್ಲಿ ಬಗ್ಗಿ ದುಡಿದವರಿಗೆ ಹೇಳಿದ ಮಾತು ಅದು. ಕಾರ್ಯಕ್ರಮದ ದಿನ ರಾತ್ರಿ ಒಂಬತ್ತಕ್ಕೆ ನಿಮ್ಮ ಹೊಟ್ಟೆ ಬರಿದಾಗಿರುವುದಿಲ್ಲ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಅಂಗೈ ಅಗಲದ ಬೇಳೆ ಹೋಳಿಗೆಯೊಂದಕ್ಕೆ 25 ಗ್ರಾಂ ಹಿಟ್ಟು, 25 ಗ್ರಾಂ ಕಡಲೆಬೇಳೆ, 25 ಗ್ರಾಂ ಬೆಲ್ಲ, ಒಂದು ಚಮಚ ಎಣ್ಣೆ ಹಿಡಿದರೂ ಸುಮಾರು 300 ಕ್ಯಾಲರಿ. ಅಂಥವು ಎರಡು, ಮೇಲೆ ಎರಡು ಚಮಚ ತುಪ್ಪ: 690. ಎರಡು ಮಿರ್ಚಿ: 260. ಒಂದೂವರೆ ಬಟ್ಟಲು ಅನ್ನ: 290. ಪಲ್ಯ, ಕೋಸಂಬರಿ, ಸಾರು, ಕರಿದ ಹಪ್ಪಳ ಸೇರಿ ಇನ್ನು 350ರ ಹತ್ತಿರ. ಒಟ್ಟು ಸುಮಾರು 1600. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, 55 ಕಿಲೋ ತೂಕದ, ಮೈಬಗ್ಗಿಸಿ ದುಡಿಯುವ ಕೆಲಸವಿಲ್ಲದ ಹೆಣ್ಣುಮಗಳಿಗೆ ಇಡೀ ದಿನಕ್ಕೆ ಬೇಕಾದದ್ದು 1660. ಬೆಳಗಿನ ನಾಷ್ಟಾ, ಎರಡು ಸಲದ ಚಹಾ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ.

ಹಸಿವು ಬಾರದಿರಲು ಇನ್ನೊಂದು ಕಾರಣ ಎಣ್ಣೆ, ತುಪ್ಪ. ರೊಟ್ಟಿ, ಬೇಳೆ, ಅನ್ನದ ಸಾದಾ ಊಟ ಜಠರದಿಂದ ಕೆಳಗಿಳಿಯಲು ಸುಮಾರು ನಾಲ್ಕು ತಾಸು ಬೇಕು. ಜಿಡ್ಡು ಹೆಚ್ಚಾದಷ್ಟೂ ಸಣ್ಣಕರುಳು 'ನಿಧಾನ' ಎಂದು ಜಠರಕ್ಕೆ ಸೂಚನೆ ಕಳಿಸುತ್ತದೆ, ಆಗ ಐದಾರು ತಾಸು ಹಿಡಿಯುತ್ತದೆ. ಮೂರಕ್ಕೆ ಉಂಡದ್ದು ಎಂಟು–ಒಂಬತ್ತರವರೆಗೂ ಅಲ್ಲೇ ಇರುತ್ತದೆ. ತೇಗಿನಲ್ಲಿ ಮಧ್ಯಾಹ್ನದ ಸಾರಿನ ವಾಸನೆ ಬರುತ್ತಿದ್ದರೆ ಅದೇ ಗುರುತು. ಅದರ ಮೇಲೆ ಮತ್ತೆ ಹಾಕಿದರೆ ಹೊಟ್ಟೆಯುಬ್ಬರ, ಎದೆಯುರಿ, ಕೆಟ್ಟ ನಿದ್ದೆ.

ಹಾಗಾದರೆ ಏನು ಮಾಡಬಹುದು? ಹಸಿವು ಇಲ್ಲವೇ ಇಲ್ಲವೆಂದಾದರೆ ಎರಡು ದೊಡ್ಡ ಚಮಚ ಮೊಸರನ್ನು ಒಂದು ಲೋಟ ನೀರಿನಲ್ಲಿ ಕಡೆದು, ಜೀರಿಗೆ ಪುಡಿ, ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಅಷ್ಟು ಸಾಕು. ಸ್ವಲ್ಪ ಹಸಿವಿದೆ ಅನ್ನಿಸಿದರೆ ಒಂದು ಜೋಳದ ರೊಟ್ಟಿ (40 ಗ್ರಾಂ ಹಿಟ್ಟಿನದು, ಸುಮಾರು 140 ಕ್ಯಾಲರಿ), ಪುಂಡಿಪಲ್ಯವೋ ಮೆಂತ್ಯ ಸೊಪ್ಪೋ, ಅರ್ಧ ಬಟ್ಟಲು ಮೊಸರು. ಇದನ್ನು ಎಂಟರೊಳಗೆ ಮುಗಿಸಿ. ಉಳಿದ ಹೋಳಿಗೆ ಹಾಳಾಗುತ್ತದೆಂದು ರಾತ್ರಿ ತಟ್ಟೆಗೆ ಹಾಕಿಕೊಳ್ಳಬೇಡಿ. ಸಂಜೆ ಕಳೆದಂತೆ ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ತಲುಪಿಸುವ ಇನ್ಸುಲಿನ್ನಿನ ಕೆಲಸ ಮಂದವಾಗುತ್ತದೆ. ಅದೇ ಹೋಳಿಗೆ ಮಧ್ಯಾಹ್ನ ಏರಿಸುವುದಕ್ಕಿಂತ ಹೆಚ್ಚು ಸಕ್ಕರೆಯನ್ನು ರಾತ್ರಿ ಏರಿಸುತ್ತದೆ.

ಹಸಿವೋ ಬಾಯಿಚಪಲವೋ ತಿಳಿಯದಿದ್ದರೆ ಬರೀ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ ಮುಂದಿಟ್ಟುಕೊಳ್ಳಿ. ಅದನ್ನು ತಿನ್ನಬೇಕೆನಿಸಿದರೆ ಹಸಿವು ನಿಜವಾದದ್ದು, ತಿನ್ನಿ. ದಿನಾ ಎಂಟೂವರೆಗೆ ಉಣ್ಣುವ ರೂಢಿಯಿದ್ದವರಿಗೆ ಆ ಹೊತ್ತಿಗೆ ಸರಿಯಾಗಿ ಹೊಟ್ಟೆ ಕೂಗುತ್ತದೆ. ಹಸಿವಿನ ಹಾರ್ಮೋನು ಗಡಿಯಾರ ನೋಡಿ ಏಳುತ್ತದೆ, ಒಂದು ತಾಸು ಕಾದರೆ ಬಹುಮಟ್ಟಿಗೆ ತಾನೇ ಇಳಿಯುತ್ತದೆ.

ಆದರೆ ಈ ಸಲಹೆ ಎಲ್ಲರಿಗೂ ಅಲ್ಲ. ಬಸುರಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ತೂಕ ಇಳಿಯುತ್ತಿರುವ ವೃದ್ಧರು ರಾತ್ರಿ ಊಟವನ್ನು ಪೂರ್ತಿ ಬಿಡಬಾರದು. ಮಕ್ಕಳಿಗೆ ಬಲವಂತ ಬೇಡ, ಆದರೆ ಒಂದು ಲೋಟ ಹಾಲು, ಅರ್ಧ ರೊಟ್ಟಿ ಮುಂದಿಡಿ. ಬೇಕಾದವು ತಿನ್ನುತ್ತವೆ.

ಪ್ರಶ್ನೆ: ವಯಸ್ಸು 58. ಹನ್ನೊಂದು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಮತ್ತು ರಾತ್ರಿ ಗ್ಲಿಮೆಪಿರೈಡ್–ಮೆಟ್‌ಫಾರ್ಮಿನ್ ಕೂಡಿದ ಗುಳಿಗೆ. ಮಧ್ಯಾಹ್ನ ಜಾಸ್ತಿ ಆದ ದಿನ ಸಕ್ಕರೆ ಏರಬಾರದೆಂದು ಗುಳಿಗೆ ನುಂಗಿ ಊಟ ಬಿಡುತ್ತೇನೆ. ಹೋದ ವಾರ ನಡುರಾತ್ರಿ ಎರಡಕ್ಕೆ ಮೈಯೆಲ್ಲ ಬೆವತು, ಕೈ ನಡುಗಿ ಎಚ್ಚರವಾಯಿತು. ಸಕ್ಕರೆ ಬಾಯಿಗೆ ಹಾಕಿದ ಮೇಲೆ ಸರಿಹೋಯಿತು. ಇದು ಏನು?
— ಅಕ್ಕಿ ವ್ಯಾಪಾರಿ, ಗಂಗಾವತಿ

ಉತ್ತರ: ನಿಮ್ಮ ಲಕ್ಷಣಗಳು ರಕ್ತದ ಸಕ್ಕರೆ ಕುಸಿದದ್ದನ್ನೇ ಹೇಳುತ್ತವೆ. ದಯವಿಟ್ಟು ಇನ್ನೊಮ್ಮೆ ಹೀಗೆ ಮಾಡಬೇಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಈ ಗುಂಪಿನ ಗುಳಿಗೆಗಳು ನೀವು ಉಂಡಿರಿ ಬಿಡಿರಿ, ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಮಧ್ಯಾಹ್ನದ ಹೋಳಿಗೆಯ ಸಕ್ಕರೆ ರಾತ್ರಿ ಹತ್ತು–ಹನ್ನೊಂದರ ಹೊತ್ತಿಗೆ ಮುಗಿದಿರುತ್ತದೆ, ಗುಳಿಗೆಯ ಕೆಲಸ ಬೆಳಗಿನವರೆಗೂ ನಡೆಯುತ್ತದೆ. ಕುಸಿತ ನಡುರಾತ್ರಿ ಬರುವುದು ಇದಕ್ಕೇ. ಎಚ್ಚರವಾದದ್ದು ಒಳ್ಳೆಯದಾಯಿತು, ಕೆಲವರಿಗೆ ಎಚ್ಚರವೇ ಆಗುವುದಿಲ್ಲ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತ ಗೊತ್ತಾಗದೆ ಬೆವರು ಮಾತ್ರ ಕಾಣಬಹುದು.

ಮೊದಲು ಮಾಡಬೇಕಾದದ್ದು, ನಡುರಾತ್ರಿಯ ಈ ಸಂಗತಿಯನ್ನು ನಿಮಗೆ ಗುಳಿಗೆ ಬರೆದ ವೈದ್ಯರಿಗೆ ಈ ವಾರವೇ ತಿಳಿಸುವುದು. 'ಮಧ್ಯಾಹ್ನ ಊಟ ಹೆಚ್ಚಾಗಿ ರಾತ್ರಿ ಕಡಿಮೆ ಉಂಡರೆ ಗುಳಿಗೆ ಎಷ್ಟು?' ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ನೀವೇ ಗುಳಿಗೆ ಮುರಿದು ಅರ್ಧ ಮಾಡಬೇಡಿ. ಕೂಡಿದ ಗುಳಿಗೆಗಳಲ್ಲಿ ಕೆಲವು ನಿಧಾನವಾಗಿ ಕರಗುವಂತೆ ಮಾಡಿದವು, ಮುರಿದರೆ ಆ ಗುಣ ಹೋಗುತ್ತದೆ. ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿ. ಮೂತ್ರಪಿಂಡ ಸೋತವರಲ್ಲಿ ಈ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ವೈದ್ಯರನ್ನು ಕಾಣುವವರೆಗೆ ನಿಯಮ ಒಂದೇ: ಗುಳಿಗೆಯ ಜೊತೆ ಊಟ ಇರಲೇಬೇಕು. ದೊಡ್ಡ ಊಟ ಬೇಡ. ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಬೇಳೆ, ಸೊಪ್ಪಿನ ಪಲ್ಯ, ಮಜ್ಜಿಗೆ. ಎರಡು ರೊಟ್ಟಿಯಿಂದ ಸುಮಾರು 55 ಗ್ರಾಂ ಪಿಷ್ಟ ಸಿಗುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಮಲಗುವಾಗ ಒಮ್ಮೆ, ಮೂರು ಗಂಟೆಗೆ ಅಲಾರಂ ಇಟ್ಟು ಒಮ್ಮೆ ನೋಡಿ. ಎರಡು ಮೂರು ರಾತ್ರಿಯ ಅಂಕಿಗಳು ಸಾಕು, ವೈದ್ಯರಿಗೆ ಅದೇ ದೊಡ್ಡ ಸಹಾಯ.

ಅಂಕಿ 70ಕ್ಕಿಂತ ಇಳಿದರೆ, ಅಥವಾ ಯಂತ್ರವಿಲ್ಲದೆ ಬೆವರು–ನಡುಕ ಬಂದರೆ, ಮೂರು ಚಹಾ ಚಮಚ (15 ಗ್ರಾಂ) ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಒಂದು ರೊಟ್ಟಿ ಅಥವಾ ಹಾಲು ತೆಗೆದುಕೊಳ್ಳಿ, ಈ ಗುಳಿಗೆಗಳಿಂದ ಆದ ಕುಸಿತ ಮರುಕಳಿಸುತ್ತದೆ. ಆ ಹೊತ್ತಿನಲ್ಲಿ ಹೋಳಿಗೆ, ಪೇಡೆ ಕೊಡಬೇಡಿ. ಅವುಗಳ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಮನೆಯವರಿಗೂ ಇದನ್ನು ಹೇಳಿಕೊಡಿ.

ಬೆಳಿಗ್ಗೆ–ರಾತ್ರಿ ಮಿಶ್ರ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಎಚ್ಚರಿಕೆ, ಇನ್ನೂ ಬಿಗಿಯಾಗಿ: ಚುಚ್ಚಿಕೊಂಡ ಮೇಲೆ ಊಟ ಬಿಡುವಂತಿಲ್ಲ. ಮದುವೆಮನೆಯಲ್ಲಿ ಮದ್ಯ ಸೇವಿಸಿ ರಾತ್ರಿ ಉಣ್ಣದೆ ಮಲಗುವುದು ಎಲ್ಲಕ್ಕಿಂತ ಅಪಾಯ, ಏಕೆಂದರೆ ಆಗ ಯಕೃತ್ತು ಸಕ್ಕರೆ ತಯಾರಿಸಿ ಕೊಡುವುದನ್ನೂ ಕಡಿಮೆ ಮಾಡುತ್ತದೆ. ಬರೀ ಮೆಟ್‌ಫಾರ್ಮಿನ್ ನುಂಗುವವರಿಗೆ ಕುಸಿತ ಅಪರೂಪ, ಆದರೆ ಬರಿಹೊಟ್ಟೆಯಲ್ಲಿ ಅದು ವಾಕರಿಕೆ, ಭೇದಿ ತರುತ್ತದೆ.

ಸಕ್ಕರೆ ಕಾಯಿಲೆಯವರು ರಾತ್ರಿಯ ಊಟ ಬಿಟ್ಟು ಮಧ್ಯಾಹ್ನದ ತಪ್ಪನ್ನು ತಿದ್ದಲಾಗದು. ತಿದ್ದಬೇಕಾದ ಜಾಗ ಮಧ್ಯಾಹ್ನದ ಎಲೆಯೇ. ಮೊದಲು ಕೋಸಂಬರಿ, ಪಲ್ಯ ತಿನ್ನಿ, ಹೋಳಿಗೆ ಅರ್ಧ, ಅನ್ನ ಅರ್ಧ ಬಟ್ಟಲು. ಊಟವಾದ ಕೂಡಲೇ ಹದಿನೈದು ನಿಮಿಷ ನೆರಳಲ್ಲಿ ನಡೆಯಿರಿ. ನಡೆದಾಡುವ ಕಾಲಿನ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ.

ಪ್ರಶ್ನೆ: "ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಎಂಬ ಗಾದೆಯಂತೆ ಎರಡು ತಿಂಗಳಿಂದ ಒಪ್ಪತ್ತು ಮಾಡುತ್ತಿದ್ದೇನೆ. ಮಧ್ಯಾಹ್ನ ಮಾತ್ರ ಭರ್ತಿ ಊಟ. ಸಂಜೆ ಗೆಳೆಯರ ಜೊತೆ ಒಗ್ಗರಣೆ–ಮಿರ್ಚಿ, ಚಹಾ ಅಷ್ಟೇ. ಆದರೂ ತೂಕ ಇಳಿದಿಲ್ಲ. ವಯಸ್ಸು 27.
— ಓದುಗ, ಕುಷ್ಟಗಿ

ಉತ್ತರ: ನಿಮ್ಮ ಉತ್ತರ ಆ 'ಅಷ್ಟೇ'ಯಲ್ಲಿದೆ. ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆಯಲ್ಲಿ 50 ಗ್ರಾಂ ಮಂಡಕ್ಕಿ, ಒಂದು ದೊಡ್ಡ ಚಮಚ ಎಣ್ಣೆ, ಪುಟಾಣಿ ಪುಡಿ ಸೇರಿ 360 ಕ್ಯಾಲರಿಯ ಹತ್ತಿರ. ಮೂರು ಮಿರ್ಚಿಗೆ 390. ಸಕ್ಕರೆ ಹಾಕಿದ ಚಹಾ 80. ಒಟ್ಟು 830. ನೀವು ಬಿಟ್ಟ ಊಟ ಯಾವುದು? ಎರಡು ರೊಟ್ಟಿ, ಪಲ್ಯ, ಬೇಳೆ, ಮಜ್ಜಿಗೆ ಆಗಿದ್ದರೆ 550ರೊಳಗೆ. ಅಂದರೆ ಊಟವನ್ನು ಬಿಟ್ಟು ಅದಕ್ಕಿಂತ ದೊಡ್ಡದನ್ನು ಸಂಜೆಗೆ ತಂದುಕೊಂಡಿದ್ದೀರಿ. ನಮ್ಮ ಜಿಲ್ಲೆಗಳಲ್ಲಿ ರಾತ್ರಿ ಊಟ ಬಿಡುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಸಂಜೆ ಆರರ ಬಂಡಿಯ ಮುಂದೆ.

ಒಪ್ಪತ್ತಿನಲ್ಲಿ ಇನ್ನೊಂದು ತೊಡಕು ಪ್ರೋಟೀನ್. 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು. ಒಂದೇ ಊಟದಲ್ಲಿ ನಾಲ್ಕು ಜೋಳದ ರೊಟ್ಟಿ (16 ಗ್ರಾಂ), 30 ಗ್ರಾಂ ತೊಗರಿಬೇಳೆ (6–7 ಗ್ರಾಂ), ಹಿಡಿ ಶೇಂಗಾ (7–8 ಗ್ರಾಂ), ಒಂದು ಬಟ್ಟಲು ಮೊಸರು (6 ಗ್ರಾಂ) ತಿಂದರೂ 37ರ ಹತ್ತಿರ ನಿಲ್ಲುತ್ತೀರಿ. ಹೀಗೆ ತಿಂಗಳುಗಟ್ಟಲೆ ನಡೆದರೆ ತೂಕ ಇಳಿದರೂ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಎರಡು ಹೊತ್ತು ಉಣ್ಣಿ: ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು, ಸಂಜೆ ಏಳಕ್ಕೆ ಒಂದು. ಎರಡರಲ್ಲೂ ಕಾಳು ಅಥವಾ ಬೇಳೆ, ಮೊಸರು, ತಿನ್ನುವವರಾದರೆ ಎರಡು ಮೊಟ್ಟೆ ಇರಲಿ. ಸಂಜೆಯ ಒಗ್ಗರಣೆ ವಾರಕ್ಕೊಮ್ಮೆ. ಗಾದೆಯೂ ಎರಡು ಹೊತ್ತಿನವನನ್ನು ರೋಗಿ ಅಂದಿಲ್ಲ.

ಸೋಮವಾರದ ಉಪವಾಸಕ್ಕೂ ಇದೇ ಲೆಕ್ಕ ಹೊಂದುತ್ತದೆ. ಸಾಬೂದಾನಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣಿನ ಫರಾಳ ಎಷ್ಟೋ ಸಲ ಊಟಕ್ಕಿಂತ ಭಾರ.

ಪ್ರಶ್ನೆ: ಮಧ್ಯಾಹ್ನ ಭಾರಿ ಊಟ, ರಾತ್ರಿ ಒಂಬತ್ತೂವರೆಗೆ ಮತ್ತೆ ಅನ್ನ–ಸಾರು, ಹತ್ತಕ್ಕೆ ಮಲಗುವುದು. ಎದೆಯುರಿ, ಹುಳಿತೇಗು. ಸೋಡಾ ಪುಡಿ ಕುಡಿದರೆ ಕಡಿಮೆಯಾಗುತ್ತದೆ. ದಿನಾ ಕುಡಿಯಬಹುದೇ?
— ಶಿಕ್ಷಕರು, ರಾಯಚೂರು

ಉತ್ತರ: ದಿನಾ ಬೇಡ. ಆ ಪುಡಿಯಲ್ಲಿ ಸೋಡಿಯಂ ಬಹಳ, ಬಿಪಿ ಏರುತ್ತದೆ. ಕಾಯಿಲೆಯ ಮೂಲ ನಿಮ್ಮ ಊಟ ಮತ್ತು ಹಾಸಿಗೆಯ ನಡುವಿನ ಅರ್ಧ ತಾಸಿನಲ್ಲಿದೆ. ಜಠರ ತುಂಬಿರುವಾಗ ಮಲಗಿದರೆ ಆಮ್ಲ ಅನ್ನನಾಳಕ್ಕೆ ಹರಿಯುತ್ತದೆ. ಊಟಕ್ಕೂ ಮಲಗುವುದಕ್ಕೂ ಕನಿಷ್ಠ ಮೂರು ತಾಸು ಇರಲಿ. ಶಾಲೆಯಿಂದ ಬಂದವರು ಏಳಕ್ಕೇ ಒಂದು ರೊಟ್ಟಿ, ಪಲ್ಯ, ಮಜ್ಜಿಗೆ ಮುಗಿಸಬಹುದಲ್ಲ. ಮಧ್ಯಾಹ್ನ ಹೆಚ್ಚು ಉಂಡ ದಿನ ಅದೂ ಬೇಕಿಲ್ಲ.

ಎಡಮಗ್ಗುಲಿಗೆ ಮಲಗಿ, ಆಗ ಜಠರ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ಮಂಚದ ತಲೆಕಡೆಯ ಎರಡು ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ. ಎರಡು ದಿಂಬು ಹಾಕಿದರೆ ಸೊಂಟದಲ್ಲಿ ಬಾಗಿ ಹೊಟ್ಟೆ ಇನ್ನಷ್ಟು ಒತ್ತುತ್ತದೆ, ಪ್ರಯೋಜನವಿಲ್ಲ. ಎರಡು ವಾರದಲ್ಲಿ ಇಳಿಯದಿದ್ದರೆ, ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ ವೈದ್ಯರನ್ನು ಕಾಣಿ. ಭಾರಿ ಊಟದ ನಂತರ ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡತೋಳಿಗೋ ದವಡೆಗೋ ಹರಿದರೆ ಅದನ್ನು 'ಗ್ಯಾಸ್' ಎಂದು ಮನೆಯಲ್ಲಿ ಕೂರಬೇಡಿ. ತಕ್ಷಣ ಇಸಿಜಿ ಮಾಡಿಸಿ. ಹೃದಯಾಘಾತ ಹೀಗೇ ಕಾಣುತ್ತದೆ.

ಪ್ರಶ್ನೆ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ಪಾಳಿ. ಮಧ್ಯಾಹ್ನ ಎದ್ದು ಎರಡಕ್ಕೆ ಹೊಟ್ಟೆತುಂಬ ಉಣ್ಣುತ್ತೇನೆ. ರಾತ್ರಿ ಊಟ ಯಾವಾಗ?
— ಕಾರ್ಖಾನೆ ನೌಕರ, ತೋರಣಗಲ್ಲು

ಉತ್ತರ: ಪಾಳಿಗೆ ಹೋಗುವ ಮುಂಚೆ, ಎಂಟಕ್ಕೆ. ನಿಮಗೆ ಅದನ್ನು ಬಿಡುವ ಸಲಹೆ ಕೊಡುವುದಿಲ್ಲ. ಬಿಟ್ಟರೆ ಒಂದು–ಎರಡು ಗಂಟೆಗೆ ತಡೆಯಲಾರದೆ ಕ್ಯಾಂಟೀನಿನಲ್ಲಿ ಅನ್ನ, ಪೂರಿ ಉಣ್ಣುತ್ತೀರಿ. ಆ ಹೊತ್ತು ಜೀರ್ಣಾಂಗಗಳು ಅತಿ ಮಂದವಾಗಿರುವ ಹೊತ್ತು, ಜೊತೆಗೆ ತೂಕಡಿಕೆ. ಬಿಸಿ ಲೋಹ, ಯಂತ್ರಗಳ ನಡುವೆ ಅದು ಅಪಾಯ. ನಡುರಾತ್ರಿಗೆ ಮಜ್ಜಿಗೆ, ಹುರಿದ ಶೇಂಗಾ ಒಂದು ಹಿಡಿ, ಬಾಳೆಹಣ್ಣು ಸಾಕು. ಮೂರರ ನಂತರ ಚಹಾ ಕುಡಿಯಬೇಡಿ, ಮನೆಗೆ ಹೋದಾಗ ನಿದ್ದೆ ಕೆಡುತ್ತದೆ. ಬೆಳಿಗ್ಗೆ ಮಲಗುವ ಮುನ್ನ ಚಿಕ್ಕ ನಾಷ್ಟಾ ಮಾಡಿ, ಹಸಿವಿನಿಂದ ಎಚ್ಚರವಾಗದಷ್ಟು.

ಪ್ರಶ್ನೆ: ಅವ್ವನಿಗೆ 78. ಮಧ್ಯಾಹ್ನ ಉಂಡರೆ ರಾತ್ರಿ ಬೇಡ ಅನ್ನುತ್ತಾಳೆ. ವರ್ಷದಲ್ಲಿ ಐದು ಕಿಲೋ ಇಳಿದಿದ್ದಾಳೆ.
— ಓದುಗರು, ಸಿರುಗುಪ್ಪ

ಉತ್ತರ: ಆ ಐದು ಕಿಲೋ ಮೊದಲು ಪರೀಕ್ಷೆಯಾಗಲಿ: ಹಲ್ಲು, ಥೈರಾಯ್ಡ್, ಸಕ್ಕರೆ, ಕಫ, ಮನಸ್ಸಿನ ಬೇಸರ, ತೆಗೆದುಕೊಳ್ಳುತ್ತಿರುವ ಔಷಧಿಗಳು. ಈ ವಯಸ್ಸಿನಲ್ಲಿ ಕಾರಣವಿಲ್ಲದೆ ತೂಕ ಇಳಿಯುವುದು ಸಹಜವಲ್ಲ. ಮನೆಯಲ್ಲಿ ಮಧ್ಯಾಹ್ನದ ಊಟವನ್ನು ಎರಡು ಪಾಲು ಮಾಡಿ, ಹನ್ನೆರಡಕ್ಕೆ ಒಂದು, ನಾಲ್ಕಕ್ಕೆ ಒಂದು. ರಾತ್ರಿ ಏಳೂವರೆಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ, ಅಥವಾ ಹೆಸರುಬೇಳೆ ಹಾಕಿದ ಮೆತ್ತನೆಯ ನುಚ್ಚಿಗೆ ಒಂದು ಚಮಚ ತುಪ್ಪ. ತಟ್ಟೆ ತುಂಬ ಹಾಕಿದರೆ ನೋಡಿಯೇ ಬೇಡವೆನ್ನುತ್ತಾರೆ. ಸಣ್ಣ ಬಟ್ಟಲಿನಲ್ಲಿ ಕೊಡಿ, ಜೊತೆಗೆ ಯಾರಾದರೂ ಕೂತು ಉಣ್ಣಿ.

ಪ್ರಶ್ನೆ: ಕಾರ್ಯಕ್ರಮದಲ್ಲಿ ಉಳಿದ ಅನ್ನವನ್ನು ರಾತ್ರಿ ಮೊಸರು ಕಲಸಿ ಉಂಡೆವು. ಮನೆಯಲ್ಲಿ ಮೂವರಿಗೆ ವಾಂತಿ. ಮೊಸರು ಹಾಕಿದರೆ ಕೆಡುವುದಿಲ್ಲ ಅಂತಾರಲ್ಲ?
— ಗೃಹಿಣಿ, ಕೊಪ್ಪಳ

ಉತ್ತರ: ಅನ್ನ ಅದಕ್ಕೂ ಮುಂಚೆಯೇ ಕೆಟ್ಟಿರಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಕೊಳಗದಲ್ಲಿ ಬೆಚ್ಚಗೆ ಉಳಿದಾಗ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗದು, ಮೊಸರಿಗೂ ಬಗ್ಗದು. ಉಂಡ ಒಂದರಿಂದ ಐದಾರು ತಾಸಿನೊಳಗೆ ವಾಂತಿ ಬರುವುದು ಇದರ ಲಕ್ಷಣ.

ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಬೇಯಿಸಿದ ಅನ್ನ, ಸಾರು, ಹೂರಣ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ಉಳಿಯುವುದೆಂದು ತಿಳಿದ ಕೂಡಲೇ ಅನ್ನವನ್ನು ಅಗಲ ಪರಾತಕ್ಕೆ ಎರಡು ಬೆರಳ ದಪ್ಪಕ್ಕೆ ಹರಡಿ, ಆರಿಸಿ, ಚಿಕ್ಕ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಇಡಿ. ಕೊಳಗದ ಸಮೇತ ಇಟ್ಟರೆ ನಡುವಿನ ಅನ್ನ ತಾಸುಗಟ್ಟಲೆ ಬೆಚ್ಚಗೇ ಇರುತ್ತದೆ. ಮಾರನೆಯ ದಿನದೊಳಗೆ, ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲಕ್ಕೆ ಬೇಕಾದಷ್ಟು ಮಾತ್ರ ತೆಗೆದು ಉಣ್ಣಿ. ಫ್ರಿಜ್ಜಿಲ್ಲದ ಮನೆಯಲ್ಲಿ ಮಧ್ಯಾಹ್ನದ ಅನ್ನವನ್ನು ರಾತ್ರಿಗೆ ಇಡಲೇಬೇಡಿ. ಆ ರಾತ್ರಿಗೆ ಡಬ್ಬಿಯ ಖಡಕ್ ರೊಟ್ಟಿ ಇದೆ. ನೀರಿನ ಪಸೆ ಇಲ್ಲದ್ದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಆಗ ಕಡೆದ ಮಜ್ಜಿಗೆ ಜೊತೆಗಿರಲಿ. ವಾಂತಿಯಾದವರಿಗೆ ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಕಲಸಿ, ಐದು ನಿಮಿಷಕ್ಕೊಮ್ಮೆ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಚಿಕ್ಕದಿದ್ದರೆ ಅದರ ಮೇಲೆ ಬರೆದಷ್ಟೇ ನೀರು. ಮಗು ಆರು ತಾಸಿನಿಂದ ಮೂತ್ರ ಮಾಡದಿದ್ದರೆ, ಅಥವಾ ಕುಡಿದದ್ದೆಲ್ಲ ಹೊರಬರುತ್ತಿದ್ದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.